ಸಮುದ್ರದಲ್ಲಿ ಬಾಗಿಲು ತೆರೆದ ಕಾರು

ನಮ್ಮ ಟೆಸ್ಟ್ ರೂಮಿನಲ್ಲಿ ಕಾರಿನ ಮುಂಭಾಗವಿದೆ, ಕಾರು ಇಲ್ಲ. ಮೇಜಿನ ಮೇಲೆ ಒಂದು ಸ್ಟೇರಿಂಗ್, ಸ್ಪೀಡೋಮೀಟರ್, ನಡುವೆ ನಕ್ಷೆ ತೋರಿಸುವ ಸ್ಕ್ರೀನು, ಹಿಂದುಗಡೆ ಇಳಿಬಿದ್ದ ವೈರುಗಳ ಗೊಂಚಲು. ಇದಕ್ಕೆ ನಾವು ಬೆಂಚು ಎನ್ನುತ್ತೇವೆ. ಜಪಾನಿನ ಯಾವುದಾದರೂ ರಸ್ತೆಯಲ್ಲಿ ಓಡುತ್ತಿರುವ ಪರೀಕ್ಷಾ ಗಾಡಿಯ ಸಂಕೇತಗಳನ್ನು ಇದಕ್ಕೆ ಕೊಟ್ಟರೆ, ತಾನೇ ಆ ಗಾಡಿ ಎಂದುಕೊಂಡು ನಡೆದುಕೊಳ್ಳುತ್ತದೆ. ಅಲ್ಲಿ ಮಳೆ ಬಂದು ವೈಪರ್ ಹಾಕಿದರೆ ಇಲ್ಲಿ ವೈಪರಿನ ದೀಪ ಹತ್ತುತ್ತದೆ. ಅಲ್ಲಿ ಬಾಗಿಲು ತೆಗೆದರೆ ಇಲ್ಲಿ ಟಿಣ್ ಎನ್ನುತ್ತದೆ. ಅಮೆರಿಕದ ರಾಚೆಸ್ಟರ್ ಹಿಲ್ಸ್‌ನ ಆ ಕಿಟಕಿಯಿಲ್ಲದ ಕೋಣೆಯಲ್ಲಿ ನಾನು ಎಷ್ಟೋ ವರ್ಷ ನಿಶ್ಚಿಂತೆಯಿಂದ ಕೆಲಸ ಮಾಡಿದ್ದೇನೆ. ಆ ಜನವರಿಯಲ್ಲಿ ಮಾತ್ರ ಒಬ್ಬಳೇ ಒಳಗೆ ಹೋಗಲು ನನಗೆ ಹೆದರಿಕೆಯಾಗುತ್ತಿತ್ತು.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಜಪಾನಿನಲ್ಲಿ ಭೂಕಂಪ, ಸುನಾಮಿಗಳ ಎಚ್ಚರಿಕೆ ಉಪಗ್ರಹದಿಂದ ನೇರವಾಗಿ ಗಾಡಿಗೆ ಇಳಿಯುವ ವ್ಯವಸ್ಥೆಯಿದೆ. ಫೋನ್ ಟವರಿನ ಹಂಗಿಲ್ಲ. ಎಚ್ಚರಿಕೆಯ ಜೊತೆ ಯಾವ ಯಾವ ಪ್ರದೇಶಕ್ಕೆ ಎಂಬ ಸಂಕೇತ ಇರುತ್ತದೆ. ತಾನು ಯಾವ ಪ್ರದೇಶದಲ್ಲಿದ್ದೇನೆ ಎಂದು ಗಾಡಿಯೇ ಲೆಕ್ಕ ಹಾಕಿಕೊಂಡು, ತನಗೆ ಸಂಬಂಧಪಟ್ಟದ್ದಾದರೆ ಕೂಗಬೇಕು. ಸುನಾಮಿಯಾದರೆ ಹತ್ತಿರದ ಸುರಕ್ಷಿತ ಜಾಗದ ಕಡೆಗೆ ಸ್ಕ್ರೀನಿನ ಮೇಲೆ ಬಾಣ ತೋರಿಸಬೇಕು. ಆ ಲೆಕ್ಕ ಬರೆಯುವವಳು ನಾನು.

ಜಪಾನಿನಲ್ಲಿ ನಲವತ್ತೇಳು ಪ್ರಾಂತ್ಯಗಳು, ಪ್ರಾಂತ್ಯದೊಳಗೆ ನಗರ, ಪಟ್ಟಣ, ಹಳ್ಳಿ. ಇಷ್ಟೇ ಆಗಿದ್ದರೆ ನನ್ನ ಕೆಲಸ ಹಬ್ಬದ ಊಟದಂತೆ ಸಲೀಸಾಗುತ್ತಿತ್ತು. ಆದರೆ ಪಟ್ಟಣ ಮತ್ತು ಹಳ್ಳಿಗಳ ವಿಳಾಸದಲ್ಲಿ ಪ್ರಾಂತ್ಯ ಆದಮೇಲೆ ‘ಗುನ್’ ಎಂಬ ಇನ್ನೊಂದು ಹೆಸರು ಬರುತ್ತದೆ. ಒಂದು ಕಾಲಕ್ಕೆ ಗುನ್‌ಗೆ ಕಚೇರಿ ಇತ್ತು, ಮುಖ್ಯಸ್ಥನಿದ್ದ. ಎರಡನ್ನೂ ತೆಗೆದು ಹತ್ತಿರ ಹತ್ತಿರ ನೂರು ವರ್ಷವಾಯಿತು. ಹೆಸರು ಮಾತ್ರ ಲಕೋಟೆಗಳ ಮೇಲೆ ಉಳಿದುಕೊಂಡಿದೆ. ಪಟ್ಟಣ ನಗರವಾದರೆ ಗುನ್‌ನಿಂದ ಹೊರಬೀಳುತ್ತದೆ. ಎಲ್ಲವೂ ಹೊರಬಿದ್ದರೆ ಆ ಗುನ್ ಇಲ್ಲವಾಗುತ್ತದೆ. ಒಂದೇ ಒಂದು ಪಟ್ಟಣವನ್ನು ಹಿಡಿದುಕೊಂಡು ಕೂತಿರುವ ಗುನ್‌ಗಳೂ ಇವೆ. ನಮ್ಮ ಹೋಬಳಿಗೆ ನಾಡಕಚೇರಿಯಾದರೂ ಇದೆ, ಹೋಗಿ ಸಾಲಿನಲ್ಲಿ ನಿಲ್ಲಬಹುದು. ಗುನ್‌ಗೆ ಹೋಗಿ ಬೈದುಬರೋಣ ಎಂದರೂ ಒಬ್ಬ ಗುಮಾಸ್ತ ಸಿಗುವುದಿಲ್ಲ.

ಉತ್ತರದ ಹೊಕ್ಕೈಡೊ ಬಹಳ ದೊಡ್ಡ ಪ್ರಾಂತ್ಯ. ಒಂದೇ ಕಡೆ ಕೂತು ಆಳಲಾಗದೆ ಅದನ್ನು ಉಪಪ್ರಾಂತ್ಯಗಳಾಗಿ ಹಂಚಿ, ಒಂದೊಂದಕ್ಕೂ ಶಾಖಾ ಕಚೇರಿ ಇಟ್ಟಿದ್ದಾರೆ. ಅದರಲ್ಲಿ ಪೂರ್ವದ ತುದಿಯ ಉಪಪ್ರಾಂತ್ಯದ ಪಟ್ಟಿಗೆ ಬಂದಾಗ ನನಗೆ ಆರು ಹಳ್ಳಿಗಳು ಸಿಕ್ಕವು. ಹೆಸರು, ಗುನ್, ಸಂಕೇತ ಸಂಖ್ಯೆ, ಗಡಿ ಎಲ್ಲ ಇತ್ತು. ಜನಸಂಖ್ಯೆಯ ಜಾಗದಲ್ಲಿ ಸೊನ್ನೆ ಇತ್ತು.

ಹಾವೇರಿ ಕಡೆಯವಳಾದ ನನಗೆ ಇದು ಹೊಸದೇನಾಗಿರಲಿಲ್ಲ. ನನ್ನ ಅಪ್ಪ ತಲಾಟಿ, ಊರಿನ ಕಂದಾಯದ ಲೆಕ್ಕ ಬರೆಯುವವರು. ಮಳೆ ಬರಲಿಲ್ಲವೆಂದೋ ಪ್ಲೇಗು ಬಂತೆಂದೋ ಜನ ಬಿಟ್ಟುಹೋದ ಊರುಗಳನ್ನು ನಮ್ಮ ಕಂದಾಯ ಇಲಾಖೆ ಬೇಚರಾಕ್ ಗ್ರಾಮ ಎನ್ನುತ್ತದೆ. ಹೆಸರಿರುತ್ತದೆ, ಸರ್ವೆ ನಂಬರಿರುತ್ತದೆ, ಸಂಜೆ ದೀಪ ಹಚ್ಚುವ ಮನೆ ಮಾತ್ರ ಇರುವುದಿಲ್ಲ. ನಾನು ಖುಷಿಯಲ್ಲಿ ಒಂದು ನಿಯಮ ಬರೆದು ಅದಕ್ಕೆ ಬೇಚರಾಕ್ ಎಂದೇ ಹೆಸರಿಟ್ಟೆ: ಜನಸಂಖ್ಯೆ ಸೊನ್ನೆ ಇರುವ ಊರನ್ನು ನಕ್ಷೆಯಿಂದಲೇ ಬಿಟ್ಟುಬಿಡು, ಅಕಸ್ಮಾತ್ ಅಲ್ಲಿ ಗಾಡಿ ಕಂಡರೆ ಹತ್ತಿರದ ಜನವಸತಿ ಇರುವ ಊರಿಗೆ ಸೇರಿಸು. ಇದರಿಂದ ಗಾಡಿಯ ಮೆಮೊರಿಯೂ ಉಳಿಯಿತು, ಮ್ಯಾನೇಜರೂ ಹೊಗಳಿದರು. ಪರೀಕ್ಷಾ ಗಾಡಿಗಳಿಗೆಲ್ಲ ಆ ಆವೃತ್ತಿ ಹೋಯಿತು.

ಜನವರಿಯ ಒಂದು ಮಧ್ಯಾಹ್ನ ಟೆಸ್ಟಿಂಗ್ ನೋಡಿಕೊಳ್ಳುವ ಸಹೋದ್ಯೋಗಿ ನನ್ನ ಮೇಜಿಗೆ ಬಂದ. ಮೈಸೂರಿನವನು, ನನಗಿಂತ ಸ್ವಲ್ಪ ಚಿಕ್ಕವನು, ಸುಮ್ಮಸುಮ್ಮನೆ ಕುರ್ಚಿ ಬಿಟ್ಟು ಏಳುವ ಪೈಕಿ ಅಲ್ಲ.

“ಅಕ್ಕಾ, ಸ್ವಲ್ಪ ಬನ್ನಿ. ಒಂದು ಗಾಡಿ ನೀರೊಳಗೆ ಓಡ್ತಾ ಇದೆ.”

“ಹಡಗಿನ್ಯಾಗ ಹೊಂಟಿರಬೇಕು ತಗೋಪಾ,” ಎಂದೆ.

“ಹಡಗು ಹಿಂಗೆ ತಿರುಗಲ್ಲ. ನೀವೇ ನೋಡಿ.”

ಬೆಂಚಿನ ಸ್ಕ್ರೀನಿನಲ್ಲಿ ಹೊಕ್ಕೈಡೊದ ಪೂರ್ವ ತೀರ, ಅದರಾಚೆ ನೀಲಿ. ನೀಲಿಯ ನಡುವೆ ಒಂದು ಚುಕ್ಕೆ. ಅದು ನಿಧಾನವಾಗಿ ನೇರ ಹೋಯಿತು, ನಿಂತಿತು, ಎಡಕ್ಕೆ ಚೌಕವಾಗಿ ತಿರುಗಿತು. ತಿರುಗುವ ಮುಂಚೆ ಇಲ್ಲಿ ಬೆಂಚಿನ ಇಂಡಿಕೇಟರ್ ಟಕ್ ಟಕ್ ಎಂದಿತು. ಹೊರಗಿನ ತಾಪಮಾನ ಸೊನ್ನೆಗಿಂತ ಕೆಳಗಿತ್ತು. ವೈಪರ್ ಆಡುತ್ತಿತ್ತು. ಸ್ವಲ್ಪ ದೂರ ಹೋಗಿ ಗಾಡಿ ನಿಂತಿತು. ಟಿಣ್ ಎಂದು ಚಾಲಕನ ಬಾಗಿಲು ತೆರೆಯಿತು. ಆಮೇಲೆ ಇನ್ನೊಂದು ಟಿಣ್.

“ಇದು ಯಾವುದು?” ಎಂದೆ.

“ಹಿಂದಿನ ಬಾಗಿಲು.”

ಹಿಂದಿನ ಸೀಟಿನ ಬೆಲ್ಟಿನ ದೀಪ ಆಗಲೇ ಆರಿತು. ಅಷ್ಟು ಹೊತ್ತು ಅಲ್ಲಿ ಯಾರೋ ಬೆಲ್ಟು ಹಾಕಿಕೊಂಡು ಕೂತಿದ್ದರು. ಸಮುದ್ರದ ನಡುವೆ ಗಾಡಿ ನಿಲ್ಲಿಸಿ, ಹಿಂದೆ ಕೂತವರನ್ನು ಇಳಿಸಿ, ಬಾಗಿಲು ಹಾಕಿಕೊಂಡು ಆ ಗಾಡಿ ಮುಂದೆ ಹೋಯಿತು. ನಂತರ ಸಂಕೇತ ನಿಂತಿತು.

ಜಿಪಿಎಸ್ ತಪ್ಪು ಎಂದು ಮೊದಲು ಹುಡುಕಿದೆವು. ತಪ್ಪಿರಲಿಲ್ಲ. ಗಾಡಿಯ ಜಾತಕ ತೆಗೆಸಿದೆವು. ಮೊದಲು ನಮ್ಮ ಕಂಪನಿಯದೇ ಪರೀಕ್ಷಾ ಗಾಡಿ, ಆಮೇಲೆ ಮಾರಾಟವಾಗಿದೆ, ನೋಂದಣಿ ರದ್ದಾಗಿದೆ. ಜಪಾನಿನ ಮಟ್ಟಿಗೆ ಆ ಗಾಡಿ ತೀರಿಕೊಂಡಿತ್ತು. ಅದರೊಳಗಿನ ಸಿಮ್ ಮುಚ್ಚುವುದನ್ನು ಯಾರೋ ಮರೆತಿದ್ದರಿಂದ ನಮಗೆ ಕಾಣುತ್ತಿತ್ತು. ಮರುದಿನ ಮಧ್ಯಾಹ್ನ ಅದೇ ಹೊತ್ತಿಗೆ ಮತ್ತೆ ಬಂತು. ಅದೇ ತಿರುವು, ಅದೇ ನಿಲುಗಡೆ, ಹಿಂದಿನ ಬಾಗಿಲು. ಜಪಾನಿನಲ್ಲಿ ಆಗ ಬೆಳಗಿನ ಆರು ಗಂಟೆ. ಅಷ್ಟು ಬೆಳಿಗ್ಗೆ ಯಾರು ಯಾರನ್ನು ಎಲ್ಲಿಗೆ ಬಿಡಲು ಹೋಗುತ್ತಾರೆ? ಶನಿವಾರ ಮನೆಯಿಂದಲೇ ಲಾಗಿನ್ ಆಗಿ ನೋಡಿದೆ. ಬರಲಿಲ್ಲ. ಅಲ್ಲಿ ಆಗ ಭಾನುವಾರ ಬೆಳಿಗ್ಗೆ. ಸತ್ತ ಗಾಡಿಗೂ ರಜೆ ಇದೆ.

ಮನೆಯಲ್ಲಿ ಊಟ ಮಾಡುತ್ತ ಗಂಡನಿಗೆ ಹೇಳಿದೆ. “ದೆವ್ವಕ್ಕ ಸೀಟ್ ಬೆಲ್ಟ್ ಯಾಕ ಬೇಕಲೇ?” ಎಂದು ಅವನು ನಕ್ಕ. ಮಗಳು ತಟ್ಟೆಯಿಂದ ತಲೆ ಎತ್ತಿ, “ಅಮ್ಮಾ, ಹೂ ಈಸ್ ಇನ್ ದ ಬ್ಯಾಕ್ ಸೀಟ್?” ಎಂದಳು. ಅವಳನ್ನು ದಿನಾ ಶಾಲೆಗೆ ಬಿಡುವವಳು ನಾನೇ, ಅವಳು ಕೂರುವುದೂ ಹಿಂದಿನ ಸೀಟಿನಲ್ಲೇ. ನಾನು ತಟ್ಟೆ ಎತ್ತಿಕೊಂಡು ಎದ್ದೆ.

ಸೋಮವಾರ ನಮ್ಮ ಕಚೇರಿಯ ಜಪಾನಿ ಹಿರಿಯರೊಬ್ಬರನ್ನು ಕರೆದುಕೊಂಡು ಬಂದೆವು. ಮುಖ್ಯ ಕಚೇರಿಯಿಂದ ನಿಯೋಜನೆಯ ಮೇಲೆ ಬಂದವರು, ನಿವೃತ್ತಿಗೆ ಹತ್ತಿರ. ಅಳೆದು ತೂಗಿ ಇಂಗ್ಲಿಷ್ ಮಾತಾಡುವವರು. ನಮ್ಮ ಮನೆಗೆ ಊಟಕ್ಕೆ ಬಂದಾಗ ಮಗಳು ಅವರನ್ನು ಅಂಕಲ್ ಎಂದಿದ್ದಳು. ಅಂದಿನಿಂದ ನಾವೂ ನಮ್ಮೊಳಗೆ ಹಾಗೇ ಕರೆಯುತ್ತಿದ್ದೆವು. ಅವರು ಸ್ಕ್ರೀನಿಗೆ ಬಗ್ಗಿ ಚುಕ್ಕೆಯ ದಾರಿಯನ್ನು ಬೆರಳಲ್ಲಿ ಹಿಂಬಾಲಿಸಿದರು.

“ನೀವು ತೆಗೆದುಹಾಕಿದ ಹಳ್ಳಿಗಳನ್ನು ವಾಪಸ್ ಹಾಕಲು ಆಗುತ್ತದೆಯೇ? ಈ ಬೆಂಚಿನಲ್ಲಿ ಮಾತ್ರ,” ಎಂದರು.

ಬೇಚರಾಕ್ ನಿಯಮ ನಿಲ್ಲಿಸಿದೆ. ನೀಲಿಯೊಳಗಿಂದ ಒಂದು ಉದ್ದನೆಯ ದ್ವೀಪ ಮೇಲೆದ್ದಿತು. ಚುಕ್ಕೆ ಅದರ ಪಶ್ಚಿಮದ ದಡದ ಮೇಲೆ ಸರಿಯಾಗಿ ಕೂತಿತು. ಊರು ಗುರುತಾದಾಗ ಹೆಸರು ಹೇಳುವುದು ಬೆಂಚಿನ ಅಭ್ಯಾಸ; ಒಳಗಿನ ಹೆಣ್ಣುದನಿ ಹೊಕ್ಕೈಡೊ ಎಂದಿತು, ಉಪಪ್ರಾಂತ್ಯದ ಹೆಸರು ಹೇಳಿತು, ಗುನ್ ಹೇಳಿತು, ಕೊನೆಗೆ ಹಳ್ಳಿಯ ಹೆಸರು ಹೇಳಿತು. ಹಿರಿಯರು ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

“ನನ್ನ ತಾಯಿಯ ಊರು,” ಎಂದರು.

ಆ ಹಳ್ಳಿಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಅವರ ಮನೆಯ ವಿಷಯ. ಆ ಆರು ಹಳ್ಳಿಗಳಿರುವ ದ್ವೀಪಗಳು ತನ್ನವು ಎಂದು ಜಪಾನ್ ಹೇಳುತ್ತದೆ. ಎರಡನೇ ಮಹಾಯುದ್ಧ ಮುಗಿದಾಗಿನಿಂದ ಅಲ್ಲಿರುವುದು ರಷ್ಯಾದವರು. ಜಪಾನಿಯರೆಲ್ಲ ಹೊರಬಿದ್ದಾಗ ಅವರ ತಾಯಿ ಚಿಕ್ಕ ಹುಡುಗಿ, ಅಜ್ಜಿಯ ಜೊತೆ ದೋಣಿ ಹತ್ತಿದವರು ಮತ್ತೆ ಕಾಲಿಡಲಿಲ್ಲ. ಜಪಾನಿನಿಂದ ಹಳೆಯ ಕಾರುಗಳು ಹಡಗಿನಲ್ಲಿ ಆ ಕಡೆಗೆ ಹೋಗುತ್ತವೆ. ಈ ಗಾಡಿ ದಡದ ಹತ್ತಿರ ಬಂದಾಗಷ್ಟೇ ಜಲಸಂಧಿಯ ಆಚೆಯ ಜಪಾನಿನ ಟವರ್ ಅದಕ್ಕೆ ಸಿಗುತ್ತದೆ. ಅಲ್ಲಿನ ಗಡಿಯಾರ ಜಪಾನಿಗಿಂತ ಎರಡು ಗಂಟೆ ಮುಂದೆ. ಹಾಗಾಗಿ ಅವರ ಎಂಟು ಗಂಟೆ ಜಪಾನಿನ ಲೆಕ್ಕದಲ್ಲಿ ಆರು.

“ಶಾಲೆ,” ಎಂದ ಮೈಸೂರಿನವನು.

“ಯಾರೂ ಇಲ್ಲ ಅಂತ ಬರ್ದಿತ್ತಲ್ಲ,” ಎಂದೆ ನಾನು ಕನ್ನಡದಲ್ಲೇ, ಯಾರಿಗೆ ಎಂದು ಗೊತ್ತಿಲ್ಲದೆ. ಅವನು ಅದನ್ನು ಇಂಗ್ಲಿಷಿನಲ್ಲಿ ಹೇಳಿದ.

“ಹಾಗೆ ಬರೆದವರು ನಾವು,” ಎಂದರು ಹಿರಿಯರು. “ಅಲ್ಲಿರುವವರನ್ನು ಬೇರೆಯವರು ಎಣಿಸುತ್ತಾರೆ.”

ದೆವ್ವ ಹೋಯಿತಲ್ಲ ಎಂದು ನನಗೆ ಹಗುರಾಯಿತು. ಆ ಹಗುರ ಹೆಚ್ಚು ಹೊತ್ತು ಉಳಿಯಲಿಲ್ಲ. ಮೈಸೂರಿನವನು ಸುಮ್ಮನೆ ಕೂರದೆ, ಬೇಚರಾಕ್ ನಿಯಮ ಮತ್ತೆ ಹಾಕಿ, ಆ ಗಾಡಿಯ ಜಾಗದಲ್ಲಿ ಬೆಂಚಿಗೆ ಒಂದು ಸುಳ್ಳು ಸುನಾಮಿ ಎಚ್ಚರಿಕೆ ಕೊಟ್ಟ. ಬೆಂಚು ತನ್ನ ಊರು ಹುಡುಕಿತು, ಇಲ್ಲವಾದ್ದರಿಂದ ನಿಯಮದ ಪ್ರಕಾರ ಹತ್ತಿರದ ಜನವಸತಿಯ ಊರಿಗೆ ಸೇರಿಕೊಂಡಿತು. ಅದು ಜಲಸಂಧಿಯ ಆಚೆ ದಡದ ಪಟ್ಟಣ. ಸ್ಕ್ರೀನು ಕೆಂಪಾಯಿತು. ಬಾಣ ಪಶ್ಚಿಮಕ್ಕೆ ತಿರುಗಿ ಆ ಪಟ್ಟಣದ ಗುಡ್ಡದ ಶಾಲೆಯನ್ನು ತೋರಿಸಿತು. ಈ ಕಡೆ ಬೇಗ ಬನ್ನಿ, ತಡಮಾಡಬೇಡಿ ಎಂದು ಹೆಣ್ಣುದನಿ ಕರೆಯತೊಡಗಿತು. ಚುಕ್ಕೆಗೂ ಗುಡ್ಡಕ್ಕೂ ನಡುವೆ ಇದ್ದದ್ದು ಸಮುದ್ರ.

ಕತ್ತಲಾದಾಗ, ಹಿಮ ಸುರಿಯುವಾಗ, ಭಾಷೆ ಬಾರದ ತಾಯಿಯೋ ತಂದೆಯೋ ಆ ಗಾಡಿ ಓಡಿಸುತ್ತಿದ್ದರೆ ಅವರಿಗೆ ದನಿ ಅರ್ಥವಾಗದು. ಬಾಣ ಅರ್ಥವಾಗುತ್ತದೆ. ಮಂಜಿನಲ್ಲಿ ದಡದ ರಸ್ತೆ ಯಾವುದು, ಮರಳು ಯಾವುದು ಎಂದು ತಿಳಿಯುವ ಮೊದಲೇ ಅವರು ನೀರಿನ ಕಡೆ ತಿರುಗಿರುತ್ತಾರೆ. ಆ ದನಿ ಕರೆಯುತ್ತಲೇ ಇತ್ತು. ನಾನು ಹೋಗಿ ಬೆಂಚಿನ ಪ್ಲಗ್ ಕಿತ್ತೆ.

ಮ್ಯಾನೇಜರ್ ಕೆಟ್ಟವರಲ್ಲ, ತಲೆಯ ಮೇಲೆ ಬಿಡುಗಡೆಯ ದಿನಾಂಕ ಹೊತ್ತವರು. “ಸಿಮ್ ಮುಚ್ಚಿಬಿಡಿ. ಅದು ಈಗ ಯಾರದೋ ಸ್ವಂತ ಗಾಡಿ, ನಾವು ನೋಡುವುದೇ ತಪ್ಪು. ಮುಚ್ಚಿದರೆ ಸಮಸ್ಯೆ ಮುಗಿಯಿತು,” ಎಂದರು. ನೋಡುವುದು ತಪ್ಪು ಎಂಬ ಮಾತು ಸರಿಯೇ ಇತ್ತು.

“ನಮಗೆ ಕಾಣೋದು ನಿಲ್ಲುತ್ತೆ ಸರ್,” ಎಂದ ಮೈಸೂರಿನವನು. “ಎಚ್ಚರಿಕೆ ಆಕಾಶದಿಂದ ಬರುತ್ತೆ. ಅದಕ್ಕೆ ಸಿಮ್ ಬೇಡ. ಬಾಣ ಹಿಂಗೇ ಇರುತ್ತೆ.”

ಅಂದರೆ ಸಿಮ್ ಇರುವಷ್ಟು ದಿನ ಮಾತ್ರ ಆ ಗಾಡಿಯೊಳಗಿನ ನಿಯಮ ಬದಲಾಯಿಸಲು ಸಾಧ್ಯ. ಮುಚ್ಚಿದ ಮೇಲೆ ಆ ಬಾಣ ಗಾಡಿ ತುಕ್ಕು ಹಿಡಿಯುವವರೆಗೂ ಸಮುದ್ರವನ್ನೇ ತೋರಿಸುತ್ತದೆ. ನಕ್ಷೆಗೆ ಆ ಹಳ್ಳಿಗಳನ್ನು ಹಾಕಿದರೂ ಅಲ್ಲಿನ ರಸ್ತೆ, ಆಶ್ರಯತಾಣ ಒಂದೂ ನಮ್ಮ ಬಳಿ ಇಲ್ಲ, ಒಪ್ಪಂದದಲ್ಲೂ ಇಲ್ಲ, ಹಾಕಿದರೆ ಒಬ್ಬರಿಗೆ ರಾಜಕೀಯ, ತೆಗೆದರೆ ಇನ್ನೊಬ್ಬರಿಗೆ ರಾಜಕೀಯ ಎಂದು ಮ್ಯಾನೇಜರ್ ತಲೆ ಹಿಡಿದುಕೊಂಡರು. ಹಿರಿಯರು ನಮ್ಮ ಪರ ನಿಲ್ಲಲಿಲ್ಲ. ಸ್ಪೆಸಿಫಿಕೇಶನ್ ಏನು ಹೇಳುತ್ತದೋ ಹಾಗೆ ಎಂದಷ್ಟೇ ಹೇಳಿ ಎದ್ದರು. ನನಗೆ ಕೆಂಡದಂಥ ಸಿಟ್ಟು ಬಂತು. ಸುರಕ್ಷತೆಯ ಕಾಗದಕ್ಕೆ ಸಹಿ ಹಾಕಬೇಕಾದವಳು ನಾನು. ಹಾಕುವುದಿಲ್ಲ, ಬೇಚರಾಕ್ ನಿಯಮ ತೆಗೆದು ಬೇರೆ ಬರೆಯುತ್ತೇನೆ ಎಂದೆ. ಕೆಲಸ ಹೋದರೆ ವೀಸಾ ಏನು ಎಂಬ ಯೋಚನೆ ಮಾತು ಹೊರಬಿದ್ದ ಮೇಲೆ ಬಂತು. ಮ್ಯಾನೇಜರ್ ಕ್ಯಾಲೆಂಡರ್ ನೋಡಿ, ಮುಂದಿನ ವಾರದ ಶುಕ್ರವಾರ ಐದು ಗಂಟೆಗೆ ಸಿಮ್ ಮುಚ್ಚಲೇಬೇಕು, ಅಷ್ಟರೊಳಗೆ ಏನು ಮಾಡುತ್ತೀರೋ ಮಾಡಿ ಎಂದರು.

ನನ್ನ ಯೋಚನೆ ಸರಳ. ಆಶ್ರಯತಾಣ ಗೊತ್ತಿಲ್ಲದ ಕಡೆ ಬಾಣ ಎತ್ತರದ ನೆಲವನ್ನು ತೋರಿಸಲಿ. ನೆಲದ ಎತ್ತರವನ್ನು ಉಪಗ್ರಹಗಳು ಪ್ರಪಂಚಕ್ಕೆಲ್ಲ ಅಳೆದಿವೆ, ಅದರಲ್ಲಿ ಯಾರ ದೇಶ ಎಂಬ ಕಾಲಂ ಇಲ್ಲ. ಆ ಮಾಹಿತಿಯನ್ನು ಗಾಡಿಗೆ ಹಿಡಿಸುವಂತೆ ಕಿರಿದು ಮಾಡಿ ಕೊಡಬೇಕಾದವರು ಶಿಕಾಗೋ ಕಡೆಯ ನಕ್ಷೆ ತಂಡ, ಅವರ ಕಚೇರಿ ಅರೋರಾದ ಹತ್ತಿರ. ಫೋನಿನಲ್ಲಿ ಕೇಳಿದರೆ ಆಗದು ಎಂದರು. ಮರುದಿನ ಬೆಳಿಗ್ಗೆ ಕಾರು ತೆಗೆದೆ. ಹಿರಿಯರು ತಾವೂ ಬರುವುದಾಗಿ ಹೇಳಿ ಬಾಗಿಲ ಬಳಿ ಬ್ಯಾಗು ಹಿಡಿದು ನಿಂತಿದ್ದರು.

ತೊಂಬತ್ತನಾಲ್ಕನೇ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಡ್ರೈವ್. ಇಂಡಿಯಾನಾ ಸಮೀಪಿಸಿದಂತೆ ಸರೋವರದ ಕಡೆಯಿಂದ ಹಿಮದ ಪರದೆ ಬಂದು ಮುಂದಿನ ಟ್ರಕ್ಕಿನ ಕೆಂಪು ದೀಪ ಬಿಟ್ಟರೆ ಏನೂ ಕಾಣದಾಯಿತು. ಎಡಬಲ ತಿಳಿಯದ ಆ ಬಿಳುಪಿನಲ್ಲಿ ನನ್ನ ಫೋನಿನ ಬಾಣವನ್ನು ನಂಬಿಕೊಂಡು ಹೋಗುತ್ತಿದ್ದೇನೆ ಎಂದು ತಟ್ಟನೆ ಅರಿವಾಗಿ ವೇಗ ಇಳಿಸಿದೆ.

“ನಿನ್ನೆ ನೀವ್ಯಾಕೆ ಏನೂ ಹೇಳಲಿಲ್ಲ?” ಎಂದು ಕೇಳಿಯೇಬಿಟ್ಟೆ.

“ಅದು ನನ್ನ ಮನೆಯ ಊರು. ಆದ್ದರಿಂದಲೇ ನಾನು ಮಾತಾಡಬಾರದು,” ಎಂದರು. “ಮಾತಾಡಿದ್ದರೆ ಮುದುಕ ತನ್ನ ತಾಯಿಗಾಗಿ ಕೇಳುತ್ತಿದ್ದಾನೆ ಎಂದುಕೊಳ್ಳುತ್ತಿದ್ದರು. ಆ ಗಾಡಿಯಲ್ಲಿ ಇರುವವರಿಗಾಗಿ ಎಂದು ಯಾರೂ ತಿಳಿಯುತ್ತಿರಲಿಲ್ಲ.”

ಸ್ವಲ್ಪ ದೂರ ಹೋದ ಮೇಲೆ ಅವರೇ ಮುಂದುವರಿಸಿದರು. ಅವರ ಮನೆತನದ ದಾಖಲೆ ಈಗಲೂ ಆ ಹಳ್ಳಿಯ ಹೆಸರಿನಲ್ಲೇ ಇದೆಯಂತೆ. ಹಳ್ಳಿಗೆ ಕಚೇರಿ ಇಲ್ಲದ್ದರಿಂದ ಈಚೆ ದಡದ ನಗರದ ಕಚೇರಿ ಅದನ್ನು ನೋಡಿಕೊಳ್ಳುತ್ತದೆ. “ನಾನು ಹುಟ್ಟಿದ್ದು ಸಪ್ಪೊರೊದಲ್ಲಿ, ಹೆಸರು ಬರೆದದ್ದು ಆ ಹಳ್ಳಿಗೆ. ಮದುವೆಯಾದಾಗ ನನ್ನ ಹೆಂಡತಿಯ ಹೆಸರೂ ಅಲ್ಲಿಗೆ ಹೋಯಿತು. ಅವಳು ತಮಾಷೆ ಮಾಡುತ್ತಿದ್ದಳು, ಗಂಡನ ಮನೆಗೆ ಹೋಗಲು ದೋಣಿಯೇ ಇಲ್ಲವಲ್ಲ ಎಂದು.”

“ಅಂದ್ರೆ ಕಾಗದದ ಪ್ರಕಾರ ಆ ಹಳ್ಳಿಯಲ್ಲಿ ಯಾರೂ ವಾಸ ಇಲ್ಲ, ಆದರೆ ಹಳ್ಳಿಯವರು ಇದ್ದಾರೆ.”

“ಹೌದು. ಮತ್ತು ಆ ಹಳ್ಳಿಯಲ್ಲಿ ವಾಸ ಇರುವವರು ಯಾರೂ ಆ ಹಳ್ಳಿಯವರಲ್ಲ.”

ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಒಂದೇ ನೆಲದ ಮೇಲೆ ಎರಡು ಊರು ಒಂದನ್ನೊಂದು ನೋಡದೆ ಕೂತಿರುವುದು ಕಣ್ಣಿಗೆ ಕಟ್ಟಿತು. ಹಾವೇರಿಯ ಬೇಚರಾಕ್ ಊರಿನಲ್ಲಿ ಪಾಳುಬಿದ್ದ ಹನುಮಪ್ಪನ ಗುಡಿಗೆ ಶನಿವಾರ ಯಾರೋ ಬಂದು ಎಣ್ಣೆ ಹಾಕಿ ಹೋಗಿರುತ್ತಾರೆ. ಯಾರೂ ಇಲ್ಲದ ಊರು ಎಂಬುದೇ ಇರುವುದಿಲ್ಲ ಎಂದು ನನಗೆ ಗೊತ್ತಿರಬೇಕಿತ್ತು.

ನಕ್ಷೆ ತಂಡದ ಮುಖ್ಯಸ್ಥೆ ಅಮೆರಿಕದ ಹೆಂಗಸು, ಕೈಯಲ್ಲಿ ಕಾಫಿ ಹಿಡಿದು ಮುಲಾಜಿಲ್ಲದೆ ಒಪ್ಪಂದ ಓದಿ ಹೇಳಿದಳು: ಆರು ಹಳ್ಳಿ ಪಟ್ಟಿಯಲ್ಲಿಲ್ಲ. ನಾನು ವಾದ ಮಾಡಲಿಲ್ಲ. ಲ್ಯಾಪ್‌ಟಾಪಿನಲ್ಲಿ ಸುಳ್ಳು ಸುನಾಮಿಯ ಪರೀಕ್ಷೆಯನ್ನು ಹಾಕಿದೆ. ಕೆಂಪು ಸ್ಕ್ರೀನು, ಸಮುದ್ರದ ಕಡೆ ತಿರುಗಿದ ಬಾಣ, ಕರೆಯುವ ಹೆಣ್ಣುದನಿ. ಅವಳು ಕಾಫಿ ಕೆಳಗಿಟ್ಟಳು. ಮೂಲೆಯ ಚಿಕ್ಕ ದೀಪದ ಮೇಲೆ ಬೆರಳಿಟ್ಟು, “ಇದು ಹಿಂದಿನ ಸೀಟಲ್ಲವೇ?” ಎಂದಳು. ಹೌದೆಂದೆ. ದಿನಾ ಇರುತ್ತಾರಾ ಎಂದಳು. ಶಾಲೆಯ ದಿನ ಎಂದೆ. ಎತ್ತರದ ಮಾಹಿತಿ ಸಂಜೆಯ ಹೊತ್ತಿಗೆ ನನ್ನ ಕೈಯಲ್ಲಿತ್ತು.

ಅದರಿಂದ ಕೆಲಸ ಮುಗಿಯಲಿಲ್ಲ. ಹೊಸ ನಿಯಮ ಬರೆದು ಬೆಂಚಿಗೆ ಕೊಟ್ಟೆವು. ಬಾಣ ಒಂದು ಗಳಿಗೆ ನಡುಗಿ, ಮತ್ತೆ ಸೀದಾ ಪಶ್ಚಿಮಕ್ಕೆ ತಿರುಗಿತು. ಎತ್ತರ ಹುಡುಕು ಎಂದಿದ್ದಕ್ಕೆ ಅದು ಜಲಸಂಧಿಯ ಆಚೆಯ ದೊಡ್ಡ ಬೆಟ್ಟವನ್ನು ಹುಡುಕಿಕೊಂಡಿತ್ತು. ಸತ್ಯ ಹೇಳುತ್ತೇನೆ, ಆ ಬೆಂಚಿಗೆ ಹಟ ಇದೆ, ಆ ಮಗುವನ್ನು ನೀರಿಗೆ ಎಳೆಯಲು ಅದು ಪಣ ತೊಟ್ಟಿದೆ ಎಂದು ಆ ಕ್ಷಣ ನಾನು ನಂಬಿದೆ. ಮೈಸೂರಿನವನು ಬಾಯಲ್ಲಿ ಏನೋ ದುವಾ ಹೇಳಿಕೊಂಡ. ಆಮೇಲೆ ಬುದ್ಧಿ ಬಂತು. ನೀರು ದಾಟಿ ಹುಡುಕಬೇಡ ಎಂದು ಒಂದು ಸಾಲು ಸೇರಿಸಿದೆವು. ಸಮತಟ್ಟಾದ ದಡದಲ್ಲಿ ಬಾಣ ಅತ್ತಿತ್ತ ತೂಗಾಡುತ್ತಿತ್ತು. ಅದನ್ನು ನಿಲ್ಲಿಸಲು ಇನ್ನೆರಡು ದಿನ ಹಿಡಿಯಿತು. ಕೊನೆಗೆ ಬಾಣ ಸಮುದ್ರಕ್ಕೆ ಬೆನ್ನು ಹಾಕಿ ದ್ವೀಪದ ಒಳಗಿನ ಏರನ್ನು ತೋರಿಸಿ ಅಲ್ಲೇ ನಿಂತಿತು. ಬೇಚರಾಕ್ ಎಂಬ ಹೆಸರನ್ನು ಅಳಿಸಿದೆ. ಆರು ಹಳ್ಳಿಗಳೂ ತಮ್ಮ ತಮ್ಮ ಗುನ್ ಸಮೇತ ಪಟ್ಟಿಗೆ ವಾಪಸ್ ಬಂದವು.

ಇನ್ನು ಆ ಗಾಡಿಗೆ ತಲುಪಿಸುವುದು. ದಡದಲ್ಲಿ ನಿಂತಷ್ಟು ಹೊತ್ತು ಮಾತ್ರ ಅದಕ್ಕೆ ಟವರ್. ಆದ್ದರಿಂದ ಆವೃತ್ತಿಯನ್ನು ಚೂರು ಚೂರು ಮಾಡಿ ಕಾದು ಕೂತೆವು. ಮಧ್ಯಾಹ್ನ ನಾಲ್ಕಾದರೆ ಮೂವರೂ ಕೋಣೆಯಲ್ಲಿ ಇರುತ್ತಿದ್ದೆವು. ಚುಕ್ಕೆ ಬರುತ್ತಿತ್ತು, ಒಂದಷ್ಟು ಚೂರು ಹೋಗುತ್ತಿತ್ತು, ಹಿಂದಿನ ಬಾಗಿಲು ತೆರೆದು ಮುಚ್ಚುತ್ತಿತ್ತು. ಬಾಗಿಲಿನ ಶಬ್ದಕ್ಕೆ ಹಿರಿಯರು ದಿನಾ ಸ್ವಲ್ಪ ತಲೆ ಬಾಗಿಸುವುದನ್ನು ನಾನು ಕಂಡೂ ಕಾಣದಂತಿದ್ದೆ. ಬುಧವಾರ ಚೆನ್ನಾಗಿ ಹೋಯಿತು. ಗುರುವಾರ ಗಾಡಿ ಬರಲಿಲ್ಲ. ಕೊನೆಯ ಚೂರು ಉಳಿಯಿತು. ಅರ್ಧ ಬಂದ ಆವೃತ್ತಿ ಬಾರದ ಆವೃತ್ತಿಯೇ. ಕೊನೆಯ ಚೂರು ಸೇರುವವರೆಗೆ ಗಾಡಿಯೊಳಗೆ ಹಳೆಯ ನಿಯಮವೇ ನಡೆಯುತ್ತದೆ.

ಶುಕ್ರವಾರ ನಾಲ್ಕು ಗಂಟೆಗೂ ಸಮುದ್ರ ಖಾಲಿಯಿತ್ತು. ಈಗ ಸ್ಕ್ರೀನಿನಲ್ಲಿ ದ್ವೀಪವಿತ್ತು, ಅದೂ ಖಾಲಿಯಿತ್ತು. ನಾಲ್ಕೂವರೆಯಾಯಿತು. ಮ್ಯಾನೇಜರ್ ಬಾಗಿಲಲ್ಲಿ ಇಣುಕಿ, ಒಳಗೆ ಬಂದು ನಿಂತರು.

“ಹಿಮ ಜಾಸ್ತಿ ಇರ್ಬೇಕು. ಸ್ಕೂಲಿಗೆ ರಜಾ ಕೊಟ್ಟಿದಾರೇನೋ,” ಎಂದ ಮೈಸೂರಿನವನು.

“ಸುಮ್ನಿರಪಾ,” ಎಂದೆ.

ಬೆಂಚಿನ ವೈಪರಿನ ದೀಪ ಹತ್ತಿತು. ಆಮೇಲೆ ಚುಕ್ಕೆ ಕಂಡಿತು. ಬಹಳ ನಿಧಾನವಾಗಿ ಬರುತ್ತಿತ್ತು, ಚಕ್ರ ಜಾರಿದ ಗುರುತು ನಡುನಡುವೆ ಮಿನುಗುತ್ತಿತ್ತು. ಹಿಂದಿನ ಬೆಲ್ಟು ಹಾಕಿತ್ತು. ಎಂದಿನ ಜಾಗದಲ್ಲಿ ನಿಂತಿತು. ಕೊನೆಯ ಚೂರು ಹೊರಟಿತು. ಟವರ್ ಹೋಗಿ ಹೋಗಿ ಬರುತ್ತಿತ್ತು, ಚೂರು ಅರ್ಧಕ್ಕೆ ನಿಂತಿತು, ಮತ್ತೆ ಹೊರಟಿತು. ಯಾಕೋ ಅವತ್ತು ಬಾಗಿಲು ತೆರೆಯಲಿಲ್ಲ. ಎಂಜಿನ್ ಓಡುತ್ತಲೇ ಇತ್ತು, ಒಳಗಿದ್ದವರು ಹಾಗೇ ಕೂತಿದ್ದರು. ಅವರು ಏನನ್ನು ಕಾಯುತ್ತಿದ್ದಾರೆ ಎಂದು ನಮಗೆ ತಿಳಿಯದು. ನಾವು ಕಾಯುತ್ತಿರುವುದು ಅವರಿಗೆ ತಿಳಿಯದು.

ಚೂರು ತಲುಪಿತು. ಗಾಡಿ ಹೊಸ ನಿಯಮವನ್ನು ಒಪ್ಪಿಕೊಂಡಿತು ಎಂಬ ಸಂದೇಶ ಬಂತು. ನಾನು ಉಸಿರು ಬಿಡುವಷ್ಟರಲ್ಲಿ ಬೆಂಚು ಮಾತಾಡಿತು. ಹೊಸ ಪಟ್ಟಿ ಸಿಕ್ಕಿದ್ದರಿಂದ ಗಾಡಿ ತನ್ನ ಊರನ್ನು ಹೊಸದಾಗಿ ಗುರುತಿಸಿ ಹೇಳುತ್ತಿತ್ತು. ಹೊಕ್ಕೈಡೊ. ಉಪಪ್ರಾಂತ್ಯ. ಗುನ್. ಹಳ್ಳಿ.

“ಇದು ಅಲ್ಲಿಯೂ ಕೇಳಿಸಿತೇ?” ಎಂದರು ಹಿರಿಯರು.

“ಹೌದು. ಗಾಡಿಯೊಳಗೆ,” ಎಂದೆ.

“ನನ್ನ ಅಜ್ಜಿ ದೋಣಿ ಹತ್ತಿದ ಮೇಲೆ ಆ ಊರಿನಲ್ಲಿ ಯಾರೂ ಆ ಹೆಸರು ಹೇಳಿಲ್ಲ,” ಎಂದರು.

ಬೆಂಚಿನ ಮೇಲೆ ಒಂದು ಅಂಕಿ ಬದಲಾಯಿತು. ಧ್ವನಿಯ ಅಂಕಿ. ನಮ್ಮಲ್ಲಿ ಯಾರೂ ಗುಂಡಿ ಮುಟ್ಟಿರಲಿಲ್ಲ. ಅಲ್ಲಿ, ಆ ಹಿಮದಲ್ಲಿ ನಿಂತ ಗಾಡಿಯೊಳಗೆ, ಯಾರೋ ಅದನ್ನು ತಿರುಗಿಸುತ್ತಿದ್ದರು. ಕಡಿಮೆ ಮಾಡುತ್ತಾರೆ ಎಂದುಕೊಂಡೆ. ಹೆಚ್ಚು ಮಾಡಿದರು. ಇನ್ನೂ ಹೆಚ್ಚು ಮಾಡಿದರು. ಬೆಂಚಿನ ಸ್ಪೀಕರ್ ಕೊನೆಯ ಅಂಕಿಯವರೆಗೆ ಏರಿ, ಬರೀ ಗಾಳಿಯಂಥ ಸದ್ದು ಕೋಣೆ ತುಂಬಿತು. ಆ ಹೆಸರು ಇನ್ನೊಮ್ಮೆ ಬರುತ್ತದೆಯೇ ಎಂದು ಅವರು ಅಲ್ಲಿ ಕೇಳುತ್ತ ಕೂತಿದ್ದರು, ನಾವು ಇಲ್ಲಿ.

ಹಿರಿಯರು ಎದ್ದು, ಬೆಂಚಿನ ಹತ್ತಿರ ಬಗ್ಗಿ, ಮೈಕು ಇಲ್ಲದ ಆ ಯಂತ್ರಕ್ಕೆ ಹಳ್ಳಿಯ ಹೆಸರನ್ನು ಮೆಲ್ಲಗೆ ಹೇಳಿದರು.

ಟಿಣ್ ಎಂದು ಹಿಂದಿನ ಬಾಗಿಲು ತೆರೆಯಿತು. ಸ್ವಲ್ಪ ಹೊತ್ತಿನ ಮೇಲೆ ಮುಚ್ಚಿತು. ಐದು ಗಂಟೆಗೆ ನಾನು ಸಿಮ್ ಮುಚ್ಚಿದೆ.